ವಾರ್ಡಲ್ಲಿ ಕಣ್ಣು ಕತ್ಲೆ ಬಂದು ಬಿದ್ದೆ, ಅನಾಟಮಿನೂ ಹೋಯ್ತು: ಬಿಎಸ್ಸಿ ನರ್ಸಿಂಗ್ ಬಿಟ್ಟುಬಿಡ್ಲಾ ಮೇಡಂ?

ಪ್ರಶ್ನೆ: ನಮಸ್ತೆ ಮೇಡಂ. ನಮ್ದು ಮದ್ದೂರು ತಾಲೂಕಿನ ಒಂದು ಹಳ್ಳಿ, ದಯವಿಟ್ಟು ಹೆಸರು ಹಾಕ್ಬೇಡಿ. ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ, ಪಿಯುಸಿ ಸೈನ್ಸ್ ಮಂಡ್ಯದಲ್ಲಿ ಮಾಡ್ದೆ, 58 ಪರ್ಸೆಂಟ್ ಬಂತು. ಈಗ ಮೈಸೂರಲ್ಲಿ ಒಂದು ಪ್ರೈವೇಟ್ ಕಾಲೇಜಲ್ಲಿ ಬಿಎಸ್ಸಿ ನರ್ಸಿಂಗ್ ಎರಡನೇ ಸೆಮಿಸ್ಟರ್, ಹಾಸ್ಟೆಲ್‌ನಲ್ಲಿದೀನಿ. ಫಸ್ಟ್ ಸೆಮ್‌ನಲ್ಲಿ ಅನಾಟಮಿ ಫಿಸಿಯಾಲಜಿ (ದೇಹದ ರಚನೆ, ಅದು ಕೆಲಸ ಮಾಡೋ ರೀತಿ) ಪೇಪರ್ ಹೋಯ್ತು, 41 ಬಂದಿದೆ. ಕ್ಲಾಸಲ್ಲಿ ಹೇಳೋದು ಅರ್ಥ ಆಗುತ್ತೆ, ಬರೆಯೋಕೆ ಕೂತ್ರೆ ಇಂಗ್ಲಿಷ್ ಬರಲ್ಲ. ಹೋದ ತಿಂಗಳು ಸರ್ಜಿಕಲ್ ವಾರ್ಡ್ ಪೋಸ್ಟಿಂಗ್‌ನಲ್ಲಿ ಒಬ್ರು ತಾತಂಗೆ ಕಾಲಿನ ಶುಗರ್ ಗಾಯದ ಡ್ರೆಸ್ಸಿಂಗ್ ಮಾಡ್ತಿದ್ರು, ನೋಡ್ತಾ ನಿಂತಿದ್ದೆ, ಕಣ್ಣು ಕತ್ಲೆ ಬಂದು ಬಿದ್ಬಿಟ್ಟೆ. ಅಲ್ಲಿದ್ದ ಸಿಸ್ಟರ್ ಒಬ್ರು ಎಲ್ರ ಮುಂದೆ "ಇಷ್ಟಕ್ಕೇ ಬೀಳೋರು ನರ್ಸಿಂಗಿಗೆ ಯಾಕಮ್ಮ ಬರ್ತೀರಾ" ಅಂದ್ರು. ಅವತ್ತಿಂದ ಆಸ್ಪತ್ರೆಗೆ ಹೋಗೋ ಬಸ್ ಹತ್ತೋವಾಗ್ಲೇ ಕೈ ಬೆವರುತ್ತೆ. ಊರಿಗೆ ಹೋದ್ರೆ ದೊಡ್ಡಮ್ಮ, ಸೂಜಿ ಚುಚ್ಕೊಂಡ್ರೆ ಏಡ್ಸ್ ಬತ್ತದಂತೆ, ನೈಟ್ ಡ್ಯೂಟಿ ಮಾಡೋ ಹುಡ್ಗೀನ ಯಾರು ಮದ್ವೆ ಆಯ್ತಾರೆ ಅಂತಾರೆ. ಅಪ್ಪ ಕಬ್ಬಿನ ದುಡ್ಡು, ಸೊಸೈಟಿ ಸಾಲ ಎಲ್ಲಾ ಸೇರಿಸಿ ಫೀಸ್ ಕಟ್ಟಿದಾರೆ. ಅಡ್ಮಿಷನ್ ಮಾಡಿಸಿದ ಏಜೆಂಟ್ ಅಂಕಲ್ "ಬೇರೆ ಕಾಲೇಜಿಗೆ ಹಾಕಿಸ್ತೀನಿ, ಕ್ಲಾಸಿಗೂ ಬೇಡ ವಾರ್ಡಿಗೂ ಬೇಡ, ಪರೀಕ್ಷೆಗೆ ಮಾತ್ರ ಬಾ" ಅಂತಿದಾರೆ. ಬಿಟ್ಟುಬಿಡ್ಲಾ, ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾಗೆ ಹೋಗ್ಲಾ, ಇಲ್ಲ ಅಂಕಲ್ ಹೇಳಿದ್ದೇ ಮಾಡ್ಲಾ? ನನಗೆ ನರ್ಸ್ ಆಗೋ ಯೋಗ್ಯತೆ ಇಲ್ಲ ಅನ್ಸುತ್ತೆ ಮೇಡಂ.

ಉತ್ತರ: ನಿನ್ನನ್ನ ನೀನು ಅಂತಾನೇ ಕರೀತೀನಿ ಕಣಮ್ಮ, ನನ್ನ ಮಗಳಿಗಿಂತ ಚಿಕ್ಕವಳು ನೀನು. ಆರು ವರ್ಷ ವಾರ್ಡಲ್ಲಿ ಕೆಲಸ ಮಾಡಿ ಆಮೇಲೆ 24 ವರ್ಷ ಮೈಸೂರಲ್ಲೇ ನರ್ಸಿಂಗ್ ಪಾಠ ಮಾಡಿದೀನಿ, ನಿನ್ನ ಪತ್ರ ಓದ್ತಾ ಇದ್ರೆ ಪ್ರತಿ ಬ್ಯಾಚಲ್ಲೂ ಎರಡನೇ ಸೆಮಿಸ್ಟರ್ ಹೊತ್ತಿಗೆ ನನ್ನ ರೂಮಿನ ಬಾಗಿಲ ಹತ್ರ ಬಂದು ಒಳಗೆ ಬರೋದೋ ಬೇಡವೋ ಅಂತ ನಿಲ್ತಿದ್ದ ಮಕ್ಕಳ ಮುಖ ಎಲ್ಲಾ ಕಣ್ಮುಂದೆ ಬಂತು.

ನೀನು ಮಾಡಿರೋ ಒಂದು ತಪ್ಪು ಮೊದಲು ಹೇಳಿಬಿಡ್ತೀನಿ. ಬಿದ್ದಿದ್ದು ಬೇರೆ, ಫೇಲಾಗಿದ್ದು ಬೇರೆ, ದೊಡ್ಡಮ್ಮ ಹೇಳಿದ್ದು ಬೇರೆ, ಏಜೆಂಟ್ ಹೇಳಿದ್ದು ಬೇರೆ. ನೀನು ನಾಲ್ಕನ್ನೂ ಒಂದೇ ಗಂಟು ಕಟ್ಟಿ ಅದರ ಮೇಲೆ "ಯೋಗ್ಯತೆ ಇಲ್ಲ" ಅಂತ ಬರೆದಿಟ್ಟಿದೀಯ. ಗಂಟು ಬಿಚ್ಚಿ ಒಂದೊಂದಾಗಿ ನೋಡೋಣ.

ಬಿದ್ದಿದ್ದು ಮೊದಲು.

ನೀನು ಮದ್ದೂರಿನವಳು, ವಿಸಿ ನಾಲೆ (ವಿಶ್ವೇಶ್ವರಯ್ಯ ನಾಲೆ) ನೋಡೇ ಬೆಳೆದಿರ್ತೀಯ. ಕೆಆರ್‌ಎಸ್‌ನಿಂದ ದೊಡ್ಡ ನಾಲೆಗೆ ನೀರು ಬರುತ್ತೆ, ಅಲ್ಲಿಂದ ಉಪನಾಲೆ, ಅಲ್ಲಿಂದ ತೂಬು, ತೂಬಿಂದ ಗದ್ದೆ, ಗದ್ದೆಯಿಂದ ಬಸಿದ ನೀರು ಬಸಿಗಾಲುವೆಗೆ. ಈಗ ಒಂದು ಕಡೆ ಗದ್ದೆ ಸ್ವಲ್ಪ ಎತ್ತರದಲ್ಲಿದೆ ಅಂದ್ಕೋ. ಕೆಳಗಿನ ತೂಬೆಲ್ಲ ಒಂದೇ ಸಲ ಪೂರ್ತಿ ತೆಗೆದುಬಿಟ್ರೆ, ಅದೇ ಹೊತ್ತಿಗೆ ಮೇಲಿಂದ ಬಿಡೋ ನೀರೂ ಕಮ್ಮಿ ಮಾಡಿದ್ರೆ, ಏನಾಗುತ್ತೆ? ನಾಲೆಯಲ್ಲಿ ನೀರಿನ ಮಟ್ಟ ಇಳಿದು ಎತ್ತರದ ಗದ್ದೆಗೆ ನೀರೇ ಹತ್ತಲ್ಲ. ನಿನ್ನ ಮೈಯಲ್ಲಿ ಅವತ್ತು ಆಗಿದ್ದು ಇಷ್ಟೇ. ಗಾಯ ನೋಡಿದ ತಕ್ಷಣ ವೇಗಸ್ ಅನ್ನೋ ನರ ಜೋರಾಗಿ ಕೆಲಸ ಮಾಡಿ ಹೃದಯದ ಬಡಿತ ನಿಧಾನ ಆಯ್ತು, ಅದೇ ಕ್ಷಣ ಕಾಲು ಹೊಟ್ಟೆ ಕಡೆಯ ರಕ್ತನಾಳ ಸಡಿಲ ಆಗಿ ರಕ್ತ ಕೆಳಗಡೆನೇ ಉಳೀತು, ಬಿಪಿ ಇಳೀತು, ಎತ್ತರದಲ್ಲಿರೋ ಮೆದುಳಿಗೆ ಒಂದೆರಡು ಕ್ಷಣ ರಕ್ತ ಸಾಲಲಿಲ್ಲ. ನೆಲಕ್ಕೆ ಬಿದ್ದೆ, ತಲೆ ಹೃದಯದ ಮಟ್ಟಕ್ಕೆ ಬಂತು, ರಕ್ತ ಹೋಯ್ತು, ಎಚ್ಚರ ಆಯ್ತು. ಇದಕ್ಕೆ ವೇಸೋವೇಗಲ್ ಸಿಂಕಪಿ ಅಂತಾರೆ. ಧೈರ್ಯ ಇಲ್ದೋರಿಗೆ ಮಾತ್ರ ಆಗೋದು ಅಂತ ಏನಿಲ್ಲ, ಆಪರೇಷನ್ ಥಿಯೇಟರಲ್ಲಿ ಮೊದಲ ಸಲ ನಿಂತ ಮೆಡಿಕಲ್ ಹುಡುಗ್ರೂ ಬೀಳ್ತಾರೆ, ನನ್ನ ಬ್ಯಾಚಲ್ಲಿ ಮೊದಲನೇ ಹೆರಿಗೆ ನೋಡಿದ ದಿನ ಮೂರು ಜನ ಗೋಡೆ ಹಿಡ್ಕೊಂಡು ಕೂತ್ವಿ, ಅದರಲ್ಲಿ ನಾನೂ ಒಬ್ಳು. ಲೇಬರ್ ವಾರ್ಡಿನ ಆಯಮ್ಮ ಒಬ್ರು ಏನೂ ಮಾತಾಡದೆ ಸಕ್ಕರೆ ಜಾಸ್ತಿ ಹಾಕಿದ ಟೀ ತಂದು ಕೈಗಿಟ್ಟು ಹೋದ್ರು, ಅವರ ಹೆಸರು ಇವತ್ತಿಗೂ ಮರೆತಿಲ್ಲ.

ಆ ಸಿಸ್ಟರ್ ಹೇಳಿದ ಮಾತು ತಪ್ಪು. ಅವರಿಗೆ ಅವತ್ತು ಎಷ್ಟು ಬೆಡ್ ನೋಡೋದಿತ್ತೋ ಏನೋ, ಆದ್ರೂ ತಪ್ಪೇ. ಬಿದ್ದವರ ಕಾಲು ಸ್ವಲ್ಪ ಎತ್ತಿ ಮಲಗಿಸಿ, ಪಲ್ಸ್ ನೋಡಿ, ತಲೆಗೆ ಪೆಟ್ಟಾಗಿದೆಯಾ ಕೇಳೋದು ನರ್ಸ್ ಕೆಲಸ, ಬಿದ್ದೋಳು ರೋಗಿಯೇ ಆಗಿರಲಿ ಸ್ಟೂಡೆಂಟೇ ಆಗಿರಲಿ.

ಈಗ ನಾನು ಕೇಳ್ತೀನಿ, ಅವತ್ತು ಬೆಳಗ್ಗೆ ಏನು ತಿಂದಿದ್ದೆ? ಹಾಸ್ಟೆಲ್ ಮಕ್ಕಳ ಕಥೆ ನನಗೆ ಗೊತ್ತು, ಏಳು ಗಂಟೆಗೆ ಬಸ್, ಆರೂವರೆಗೆ ಮೆಸ್ಸಲ್ಲಿ ಕ್ಯೂ, ಯೂನಿಫಾರ್ಮ್ ಇಸ್ತ್ರಿ, ತಲೆ ಬಾಚಿ ಬನ್ ಕಟ್ಟೋದು, ಕೊನೆಗೆ ಅರ್ಧ ಲೋಟ ಕಾಫಿ ಕುಡಿದು ಓಡೋದು. ಖಾಲಿ ಹೊಟ್ಟೆ, ನೀರು ಕಮ್ಮಿ, ಸೆಖೆ, ಒಂದೇ ಕಡೆ ಮಂಡಿ ಬಿಗಿ ಹಿಡಿದು ಇಪ್ಪತ್ತು ನಿಮಿಷ ನಿಂತಿರೋದು, ಅದರ ಮೇಲೆ ಶುಗರ್ ಗಾಯದ ವಾಸನೆ. ಇಷ್ಟು ಸೇರಿದ್ರೆ ಯಾರು ಬೇಕಾದ್ರೂ ಬೀಳ್ತಾರೆ. ಇನ್ನೊಂದು, ಈ ವಾರನೇ ಹಿಮೋಗ್ಲೋಬಿನ್ ಟೆಸ್ಟ್ ಮಾಡಿಸು, ಹೆಣ್ಮಕ್ಕಳಿಗೆ 12 ಗ್ರಾಂಗಿಂತ ಕಮ್ಮಿ ಇದ್ರೆ ರಕ್ತಹೀನತೆ ಅಂತ ಲೆಕ್ಕ, ನಮ್ಮ ಹಾಸ್ಟೆಲ್ ಮಕ್ಕಳಲ್ಲಿ 9, 10 ಇಟ್ಕೊಂಡು ಓಡಾಡ್ತಿದ್ದೋರನ್ನ ಬೇಕಾದಷ್ಟು ನೋಡಿದೀನಿ. ಆದ್ರೆ ಓಡುವಾಗ ಮೆಟ್ಟಿಲು ಹತ್ತುವಾಗ ಹೀಗಾಗಿದ್ರೆ, ಬೀಳೋ ಮುಂಚೆ ಎದೆ ನೋವು ಇಲ್ಲ ಎದೆ ವಿಪರೀತ ಹೊಡ್ಕೊಂಡಿದ್ರೆ, ಮನೆಯಲ್ಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲಿ ಹಠಾತ್ತನೆ ತೀರ್ಕೊಂಡಿದ್ರೆ, ಆಗ ಇದನ್ನ ಹೆದರಿಕೆಯಿಂದ ಆಗಿದ್ದು ಅಂತ ಬಿಡ್ಬೇಡ, ಡಾಕ್ಟರ್ ಹತ್ರ ಹೋಗಿ ಇಸಿಜಿ ಮಾಡಿಸ್ಲೇಬೇಕು.

ಮುಂದಿನ ಪೋಸ್ಟಿಂಗ್‌ಗೆ ಹೀಗೆ ಮಾಡು. ಹೊರಡೋ ಮುಂಚೆ ಏನಾದ್ರೂ ಗಟ್ಟಿ ತಿನ್ನು, ಎರಡು ಲೋಟ ನೀರು ಕುಡಿ. ನಿನ್ನ ಕ್ಲಿನಿಕಲ್ ಟ್ಯೂಟರ್ ಹತ್ರ ಹೋಗಿ "ಮೇಡಂ ಹೋದ ಸಲ ತಲೆಸುತ್ತು ಬಂದಿತ್ತು, ನಾನು ಗೋಡೆ ಪಕ್ಕ ನಿಂತ್ಕೋತೀನಿ" ಅಂತ ಮೊದಲೇ ಹೇಳಿಬಿಡು, ಹೇಳೋಕೆ ನಾಚಿಕೆ ಬೇಡ. ನಿಂತಿರುವಾಗ ಮಂಡಿ ಸ್ವಲ್ಪ ಸಡಿಲ ಇರಲಿ, ಬೂಟಿನೊಳಗೆ ಕಾಲ್ಬೆರಳು ಆಡಿಸ್ತಾ ಇರು. ಬಿಸಿ ಬಿಸಿ ಅನ್ಸಿ, ಕಿವಿ ಗುಂಯ್ ಅಂದು, ಬೆವರು ಬಂತು ಅಂದ್ರೆ ಇನ್ನು ಅರ್ಧ ನಿಮಿಷ ಟೈಮ್ ಇದೆ ಅಂತ ತಿಳ್ಕೋ: ತೊಡೆ, ಹೊಟ್ಟೆ, ಮುಷ್ಟಿ ಮೂರನ್ನೂ ಗಟ್ಟಿಯಾಗಿ ಬಿಗಿ ಹಿಡಿ, ಹತ್ತು ಹದಿನೈದು ಸೆಕೆಂಡ್, ಮುಖಕ್ಕೆ ಬಿಸಿ ಏರಿದಂಗೆ ಆಗುತ್ತೆ, ಬಿಡು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಿಗಿ. ತೂಬು ಮುಚ್ಚಿ ನಾಲೆ ಮಟ್ಟ ಏರಿಸೋದು ಅಂದ್ರೆ ಇದೇ. ರಕ್ತ ನೋಡಿದ್ರೆ ಬೀಳೋರಿಗೆ ಹೇಳಿಕೊಡೋ ಅಭ್ಯಾಸ ಇದು, ದಿನಾ ಐದೈದು ಸಲದಂತೆ ಹಾಸ್ಟೆಲ್ ಮಂಚದ ಮೇಲೆ ಕೂತು ಮಾಡಿ ಕಲ್ತಿದ್ರೆ ವಾರ್ಡಲ್ಲಿ ತಾನಾಗೇ ಬರುತ್ತೆ. ಆಗಲೂ ತಡೀಲಿಲ್ಲ ಅಂದ್ರೆ ಕೂತ್ಕೊಂಡುಬಿಡು, ತಲೆ ಮಂಡಿ ಮಧ್ಯೆ ಬಗ್ಗಿಸು. ಡ್ರೆಸ್ಸಿಂಗ್ ಟ್ರಾಲಿ ಮೇಲೆ ಬೀಳೋದಕ್ಕಿಂತ ನೆಲದ ಮೇಲೆ ಕೂರೋದು ನಿನಗೂ ರೋಗಿಗೂ ಒಳ್ಳೇದು.

ಇನ್ನೊಂದು ಸೂಕ್ಷ್ಮ ಇದೆ. ಸುಮ್ನೆ ನಿಂತು ನೋಡೋರು ಬೀಳೋದು ಜಾಸ್ತಿ, ಕೈಯಲ್ಲಿ ಕೆಲಸ ಇರೋರು ಬೀಳೋದು ಕಮ್ಮಿ. ಹಾಗಾಗಿ ಟ್ಯೂಟರನ್ನ ಕೇಳಿ ಗಾಜ್ ಕೊಡೋದೋ, ತಾತನ ಕೈ ಹಿಡ್ಕೊಂಡು ಮಾತಾಡ್ಸೋದೋ ಏನಾದ್ರೂ ಒಂದು ಕೆಲಸ ತಗೋ. ಕಣ್ಣು ಗಾಯದ ಮೇಲಿಂದ ಮುಖದ ಮೇಲೆ ಬಂದ ತಕ್ಷಣ ಅದು ಗಾಯ ಅಲ್ಲ, ಒಬ್ಬ ಮನುಷ್ಯ ಅಂತ ಆಗುತ್ತೆ, ಹೆದರಿಕೆ ಅರ್ಧ ಅಲ್ಲೇ ಇಳಿಯುತ್ತೆ. ಮೊದಲನೇ ಸೆಮಿಸ್ಟರಲ್ಲಿ 160 ಗಂಟೆ, ಎರಡನೇದರಲ್ಲಿ 320 ಗಂಟೆ ನರ್ಸಿಂಗ್ ಫೌಂಡೇಷನ್ ಅನ್ನೋ ವಿಷಯಕ್ಕೇ ಅಂತ ವಾರ್ಡಲ್ಲಿ ಇಟ್ಟಿರೋದು ಕಣ್ಣಿಗೂ ಮೂಗಿಗೂ ಇದು ಅಭ್ಯಾಸ ಆಗ್ಲಿ ಅಂತಾನೂ ಹೌದು.

ಈಗ 41ರ ವಿಷಯ.

ಆ ಪೇಪರ್ 100ಕ್ಕೆ, 75 ಪರೀಕ್ಷೆದು, 25 ಇಂಟರ್ನಲ್ದು, ಆ 75ರಲ್ಲೂ ಅನಾಟಮಿಗೆ 37, ಫಿಸಿಯಾಲಜಿಗೆ 38. ಪಾಸಾಗೋಕೆ 50 ಬೇಕು, ನಿಂಗೆ ಕಮ್ಮಿ ಬಿದ್ದಿರೋದು ಒಂಬತ್ತು. ಒಂಬತ್ತು ಮಾರ್ಕ್ಸ್ ಅಂದ್ರೆ ಎರಡು ಡಯಾಗ್ರಾಂ, ನಾಲ್ಕು ಸಣ್ಣ ಉತ್ತರ. "ಕ್ಲಾಸಲ್ಲಿ ಅರ್ಥ ಆಗುತ್ತೆ, ಬರೆಯೋಕೆ ಬರಲ್ಲ" ಅಂತ ನೀನೇ ಬರೆದಿದೀಯ ನೋಡು, ಕಾಯಿಲೆ ಏನು ಅಂತ ನೀನೇ ಹೇಳಿಬಿಟ್ಟಿದೀಯ. ತಲೆಗೆ ಹೋಗಿದೆ, ಪೇಪರ್ ಮೇಲೆ ಬರ್ತಿಲ್ಲ, ಅಷ್ಟೇ. ಕನ್ನಡ ಮೀಡಿಯಂನೋರು ನರ್ಸಿಂಗ್ ಪಾಸಾಗಲ್ಲ ಅಂತ ಹಾಸ್ಟೆಲ್‌ನಲ್ಲಿ ಸೀನಿಯರ್ಸ್ ಹೇಳ್ತಾರೆ, ಅದು ಸುಳ್ಳು. ನಿಜ ಏನಂದ್ರೆ ಮೊದಲ ವರ್ಷ ಅವರು ಇಂಗ್ಲಿಷ್ ಮೀಡಿಯಂ ಮಕ್ಕಳಿಗಿಂತ ಜಾಸ್ತಿ ಹೊತ್ತು ಕೂರ್ಬೇಕು, ಮೂರನೇ ಸೆಮಿಸ್ಟರ್ ಹೊತ್ತಿಗೆ ಆ ವ್ಯತ್ಯಾಸ ಬಹಳ ಮಟ್ಟಿಗೆ ಹೋಗುತ್ತೆ.

ಎಚ್.ಡಿ. ಕೋಟೆ ಕಡೆಯ ಒಬ್ಳು ಹುಡುಗಿ ಇದ್ಲು ನನ್ನ ಹತ್ರ, ಅವಳಿಗೂ ನಿನ್ನದೇ ಕಥೆ. ಅವಳ ಏಪ್ರನ್ ಜೇಬಲ್ಲಿ ಅಂಗೈಯಷ್ಟಗಲದ ಒಂದು ನೋಟ್‌ಬುಕ್ ಇರ್ತಿತ್ತು, ಪುಟದ ಎಡಗಡೆ ಇಂಗ್ಲಿಷ್ ಪದ ಒಡೆದು ಬರೀತಿದ್ಲು, ಬಲಗಡೆ ಕನ್ನಡ. ಐಟಿಸ್ ಅಂದ್ರೆ ಉರಿಯೂತ, ಎಕ್ಟಮಿ ಅಂದ್ರೆ ಕತ್ತರಿಸಿ ತೆಗೆಯೋದು, ಟ್ಯಾಕಿ ಅಂದ್ರೆ ಜೋರು, ಬ್ರಾಡಿ ಅಂದ್ರೆ ನಿಧಾನ, ಹೈಪೋ ಕಮ್ಮಿ, ಹೈಪರ್ ಜಾಸ್ತಿ, ಕೊನೇಲಿ ಈಮಿಯಾ ಬಂದ್ರೆ ರಕ್ತಕ್ಕೆ ಸಂಬಂಧ, ಯೂರಿಯಾ ಬಂದ್ರೆ ಮೂತ್ರಕ್ಕೆ ಸಂಬಂಧ. ಹೀಗೆ ಒಂದು ಐವತ್ತು ತುಂಡು ಕಲಿತ್ರೆ ಸಾಕು, ಹೈಪೋಗ್ಲೈಸೀಮಿಯಾ ಅಂತ ನೋಡಿದ್ರೆ ಹೆದರಿಕೆ ಆಗಲ್ಲ, ಬಿಡಿಸಿ ಓದಿದ್ರೆ ರಕ್ತದಲ್ಲಿ ಸಕ್ಕರೆ ಕಮ್ಮಿ ಅಂತ ಅದೇ ಹೇಳುತ್ತೆ. ಅವಳು ಈಗ ಒಂದು ಐಸಿಯುನಲ್ಲಿ ಇನ್‌ಚಾರ್ಜ್, ಆ ನೋಟ್‌ಬುಕ್ ಇನ್ನೂ ಇಟ್ಕೊಂಡಿದಾಳೆ.

ಬರೆಯೋ ಅಭ್ಯಾಸಕ್ಕೆ ನಿನ್ನ ನಾಲೆಯನ್ನೇ ತಗೋ. ಒಂದು ಹಾಳೆ ಮೇಲೆ ಕೆಆರ್‌ಎಸ್ ಜಾಗದಲ್ಲಿ ಹೃದಯ, ದೊಡ್ಡ ನಾಲೆ ಅಯೋರ್ಟಾ, ಉಪನಾಲೆ ಆರ್ಟರಿ, ತೂಬು ಆರ್ಟೀರಿಯೋಲ್, ಗದ್ದೆ ಕ್ಯಾಪಿಲರಿ, ಬಸಿಗಾಲುವೆ ವೇನ್. ಒಂದು ವ್ಯತ್ಯಾಸ ನೆನಪಿಟ್ಕೋ, ನಾಲೆ ನೀರು ವಾಪಸ್ ಕೆಆರ್‌ಎಸ್‌ಗೆ ಬರಲ್ಲ, ರಕ್ತ ವಾಪಸ್ ಬಂದು ಶ್ವಾಸಕೋಶಕ್ಕೆ ಹೋಗಿ ಮತ್ತೆ ಹೃದಯಕ್ಕೇ ಬರುತ್ತೆ. ಇದನ್ನ ಮೊದಲು ಪಕ್ಕದ ಮಂಚದ ಹುಡುಗಿಗೆ ಕನ್ನಡದಲ್ಲಿ ಹೇಳು. ಹೇಳೋಕೆ ಬಂತಾ? ಆಮೇಲೆ ಪುಸ್ತಕ ಮುಚ್ಚಿ ಐದೇ ಐದು ಇಂಗ್ಲಿಷ್ ವಾಕ್ಯ ಬರೆ, ಚಿಕ್ಕ ಚಿಕ್ಕ ವಾಕ್ಯ, ವ್ಯಾಕರಣ ಹೆಚ್ಚು ಕಮ್ಮಿ ಆದ್ರೆ ಆಗ್ಲಿ. ನಿನ್ನ ಪೇಪರ್ ನೋಡೋರು ಹುಡುಕೋದು ಚಂದದ ಇಂಗ್ಲಿಷ್ ಅಲ್ಲ, ಸರಿಯಾದ ಪದ ಸರಿಯಾದ ಜಾಗದಲ್ಲಿ ಇದೆಯಾ ಅಂತ. ದಿನಾ ಒಂದು ಡಯಾಗ್ರಾಂ, ಪೆನ್ಸಿಲಲ್ಲಿ, ಹೆಸರೆಲ್ಲ ಬಲಗಡೆ ಒಂದೇ ಸಾಲಾಗಿ ಬರೆದು. ಹಳೇ ಪ್ರಶ್ನೆಪತ್ರಿಕೆ ಲೈಬ್ರರಿಯಲ್ಲಿ ಸಿಗುತ್ತೆ, ಐದು ವರ್ಷದ್ದು ಪಕ್ಕ ಪಕ್ಕ ಇಟ್ಟು ನೋಡಿದ್ರೆ ಹೃದಯ, ಕಿಡ್ನಿ, ಶ್ವಾಸಕೋಶ ಮತ್ತೆ ಮತ್ತೆ ಬರೋದು ನಿನಗೇ ಕಾಣುತ್ತೆ.

ಮತ್ತೆ ನಿನ್ನ ಕನ್ನಡ ಇದೆಯಲ್ಲ, ಅದು ಈ ಊರಿನ ವಾರ್ಡಲ್ಲಿ ಎಷ್ಟು ದೊಡ್ಡ ಆಸ್ತಿ ಅಂತ ಯಾರೂ ನಿಂಗೆ ಹೇಳಿಲ್ಲ ಅನ್ಸುತ್ತೆ. ಟಿ. ನರಸೀಪುರ ಕಡೆಯ ಅಜ್ಜಿ ಒಬ್ರು "ಎದೆ ಒಳಗೆ ಕಿವುಚ್ದಂಗಾಯ್ತದೆ ಕವ್ವಾ, ಎಡರಟ್ಟೆ ಎಲ್ಲ ಜೋಮು" ಅಂತ ಎರಡು ಸಲ ಹೇಳಿದ್ರು, ಹೊರ ರಾಜ್ಯದಿಂದ ಬಂದಿದ್ದ ಸ್ಟಾಫ್ ಹುಡುಗಿಗೆ ಅರ್ಥ ಆಗ್ಲಿಲ್ಲ, ಗ್ಯಾಸ್ಟ್ರಿಕ್ ಅಂತ ಬರ್ಕೊಂಡ್ಲು. ಪಕ್ಕದ ಬೆಡ್‌ನಲ್ಲಿ ಬಿಪಿ ನೋಡ್ತಿದ್ದ ನನ್ನ ಎರಡನೇ ವರ್ಷದ ಸ್ಟೂಡೆಂಟ್, ಮಳವಳ್ಳಿಯವಳು, ಬಿಪಿ ಮಷೀನ್ ಅಲ್ಲೇ ಬಿಟ್ಟು ಓಡಿ ಬಂದು ನನ್ನ ತೋಳು ಹಿಡಿದು ಎಳೆದ್ಲು. ಇಸಿಜಿ ತೆಗೆದ್ರೆ ಹಾರ್ಟ್ ಅಟ್ಯಾಕ್. ಆ ಹುಡುಗಿ ಫಾರ್ಮಕಾಲಜಿನಲ್ಲಿ ಒಂದು ಸಲ ಫೇಲಾಗಿದ್ದೋಳು.

ದೊಡ್ಡಮ್ಮನ ಮಾತಿಗೆ ಬರ್ತೀನಿ. ಸೂಜಿ ಚುಚ್ಕೊಂಡ್ರೆ ಏಡ್ಸ್ ಬರುತ್ತೆ ಅನ್ನೋದು ಪೂರ್ತಿ ಸುಳ್ಳಲ್ಲ, ಆದ್ರೆ ಲೆಕ್ಕ ತಿಳ್ಕೋ. ಎಚ್‌ಐವಿ ಇರೋರ ರಕ್ತ ಅಂಟಿದ ಸೂಜಿ ಚುಚ್ಚಿದ್ರೂ ಸೋಂಕು ತಗುಲೋದು ಸಾವಿರಕ್ಕೆ ಸುಮಾರು ಮೂರು ಸಲ. ಬೇಗ ಸೋಂಕು ತಡೆಯೋ ಮಾತ್ರೆ ಶುರು ಮಾಡಿದ್ರೆ ಅದೂ ಬಹಳ ಇಳಿಯುತ್ತೆ, ಎರಡು ಗಂಟೆಯೊಳಗೆ ಆದ್ರೆ ಒಳ್ಳೇದು, 72 ಗಂಟೆ ದಾಟಬಾರದು, 28 ದಿನ ನುಂಗ್ಬೇಕು. ಅದಕ್ಕಿಂತ ಜಾಸ್ತಿ ಭಯ ಪಡಬೇಕಾಗಿರೋದು ಹೆಪಟೈಟಿಸ್ ಬಿ ಬಗ್ಗೆ, ಲಸಿಕೆ ಹಾಕಿಸ್ಕೊಳ್ದೇ ಇರೋರಿಗೆ ನೂರಕ್ಕೆ ಆರರಿಂದ ಮೂವತ್ತು ಸಲ ತಗುಲುತ್ತೆ, ಆದ್ರೆ ಇದಕ್ಕೆ ಲಸಿಕೆ ಇದೆ. ಮೂರು ಡೋಸ್, ಮೊದಲನೇದು, ಒಂದು ತಿಂಗಳಿಗೆ ಎರಡನೇದು, ಆರು ತಿಂಗಳಿಗೆ ಮೂರನೇದು. ನಿನ್ನ ಕಾಲೇಜಲ್ಲಿ ಹಾಕಿಸಿದಾರಾ? ಇಲ್ಲ ಅಂದ್ರೆ ನೀನೇ ಹೋಗಿ ಕೇಳು, ಮುಜುಗರ ಬೇಡ. ಇಂಜೆಕ್ಷನ್ ಕೊಟ್ಟ ಮೇಲೆ ಸೂಜಿಗೆ ವಾಪಸ್ ಕ್ಯಾಪ್ ಹಾಕೋಕೆ ಹೋಗ್ಬೇಡ, ಚುಚ್ಕೊಳ್ಳೋದು ಹೆಚ್ಚಾಗಿ ಆಗಲೇ, ಸೀದಾ ಬಿಳಿ ಡಬ್ಬಕ್ಕೆ ಹಾಕು. ಚುಚ್ಚಿತು ಅಂದ್ರೆ ಹಿಂಡ್ಬೇಡ, ಬಾಯಿಗೆ ಇಡ್ಬೇಡ, ಸೋಪು ನೀರಲ್ಲಿ ತೊಳೆದು ತಕ್ಷಣ ಟ್ಯೂಟರಿಗೆ ಹೇಳು. ಬೈತಾರೆ ಅಂತ ಮುಚ್ಚಿಟ್ಟ ಮಕ್ಕಳನ್ನ ನೋಡಿದೀನಿ, ಸಂಕಟ ಆಗುತ್ತೆ.

ಮದುವೆ ವಿಷಯ ನಾನು ತೇಲಿಸಿ ಹೇಳಲ್ಲ. ನಮ್ಮ ಕಡೆ ನರ್ಸ್ ಅಂದ್ರೆ ಮೂಗು ಮುರಿಯೋ ಮನೆಗಳು ಇನ್ನೂ ಇವೆ. ಅದೇ ಮನೆಯೋರು ಆಸ್ಪತ್ರೆಗೆ ಬಂದಾಗ "ನಮ್ ಕಡೇ ಹುಡ್ಗಿ ಯಾರಾದ್ರೂ ಇದಾರಾ ಸಿಸ್ಟರ್" ಅಂತ ಹುಡುಕೋದನ್ನೂ ಮೂವತ್ತು ವರ್ಷ ನೋಡಿದೀನಿ. ನಾನು ಪಾಠ ಮಾಡಿದ ಮಕ್ಕಳಲ್ಲಿ ಬಹುಪಾಲು ಜನಕ್ಕೆ ಮದುವೆ ಆಗಿದೆ, ಕೆಲವರಿಗೆ ನೈಟ್ ಡ್ಯೂಟಿಯಿಂದ ಮನೆಯಲ್ಲಿ ಮಾತು ಬಂದಿದ್ದೂ ಉಂಟು. ನೈಟ್ ಡ್ಯೂಟಿ ಇರುತ್ತೆ, ತಪ್ಪಿಸೋಕಾಗಲ್ಲ. ಒಪ್ಪೋ ಮನೆ ಬೇಕು ಅಂತ ನಿನ್ನ ಅಪ್ಪ ಅಮ್ಮಂಗೆ ಈಗ್ಲೇ ಹೇಳಿಡು.

ಇನ್ನು ನಿನ್ನ ಮುಂದಿರೋ ದಾರಿಗಳು.

ಮುಂದುವರಿಯೋದು ಅಂದ್ರೆ ಹೀಗೆ: ಒಂದು ಪೇಪರ್ ಬಾಕಿ ಇದೆ ಅಂತ ವರ್ಷ ಹಾಳಾಗಲ್ಲ, ಮೂರು ನಾಲ್ಕನೇ ಸೆಮಿಸ್ಟರ್‌ಗೆ ಹೋಗ್ತಾ ಇರಬಹುದು, ಆದ್ರೆ ಐದನೇ ಸೆಮಿಸ್ಟರ್ ಪರೀಕ್ಷೆಗೆ ಕೂರೋ ಮುಂಚೆ ಹಿಂದಿಂದೆಲ್ಲ ಪಾಸಾಗಿರ್ಬೇಕು. ಹಾಗಂತ ಎಳೀಬೇಡ. ಮೂರನೇ ಸೆಮಿಸ್ಟರಲ್ಲಿ ಅಡಲ್ಟ್ ಹೆಲ್ತ್, ಪೆಥಾಲಜಿ, ಫಾರ್ಮಕಾಲಜಿ ಎಲ್ಲಾ ಶುರು ಆಗುತ್ತೆ, ಅನಾಟಮಿ ಗೊತ್ತಿಲ್ದೆ ಅವು ತಲೆಗೆ ಹತ್ತಲ್ಲ, ಒಂದು ಬಾಕಿ ಮೂರಾಗುತ್ತೆ. ಮುಂದಿನ ಪರೀಕ್ಷೆಯಲ್ಲೇ ಮುಗಿಸು. ಥಿಯರಿಗೂ ಪ್ರಾಕ್ಟಿಕಲ್‌ಗೂ 80 ಪರ್ಸೆಂಟ್ ಹಾಜರಿ ಇಲ್ದಿದ್ರೆ ಪರೀಕ್ಷೆಗೇ ಕೂರಿಸಲ್ಲ, ಡಿಗ್ರಿ ಕೈಗೆ ಸಿಗಬೇಕಾದ್ರೆ ಕ್ಲಿನಿಕಲ್ ಪೂರ್ತಿ 100 ಪರ್ಸೆಂಟ್ ಆಗಿರ್ಬೇಕು, ಹಾಗಾಗಿ ಹೆದರಿ ಪೋಸ್ಟಿಂಗ್ ತಪ್ಪಿಸ್ಕೊಂಡಷ್ಟೂ ಆಮೇಲೆ ನೀನೇ ತುಂಬಿಸ್ಕೊಡ್ಬೇಕು.

ನಾಲ್ಕು ವರ್ಷದ ಕೋರ್ಸನ್ನ ಎಂಟು ವರ್ಷದೊಳಗೆ ಮುಗಿಸೋಕೆ ಅವಕಾಶ ಇದೆ. ನಿಜವಾಗ್ಲೂ ಮೈಯೋ ಮನಸ್ಸೋ ತಡೀತಿಲ್ಲ ಅಂದ್ರೆ, ರಾತ್ರಿ ನಿದ್ದೆ ಇಲ್ಲ, ಊಟ ಸೇರಲ್ಲ, ಬೆಳಗ್ಗೆ ಏಳೋದೇ ಬೇಡ ಅನ್ಸುತ್ತೆ ಅನ್ನೋ ಹಾಗಿದ್ರೆ, ಮನೋವೈದ್ಯರನ್ನ ನೋಡಿ, ಪ್ರಿನ್ಸಿಪಾಲ್‌ಗೆ ಅರ್ಜಿ ಬರೆದು ಸ್ವಲ್ಪ ಕಾಲ ಬಿಡುವು ತಗೊಳ್ಳೋದರಲ್ಲಿ ತಪ್ಪಿಲ್ಲ. ಹೇಳ್ದೆ ಕೇಳ್ದೆ ಊರಿಗೆ ಹೋಗಿ ಕೂತ್ಬಿಡೋದು ಮಾತ್ರ ಬೇಡ.

ಜಿಎನ್‌ಎಂ ಮೂರು ವರ್ಷದ ಡಿಪ್ಲೊಮಾ. ಒಳ್ಳೇ ಕೋರ್ಸೇ, ಅದನ್ನ ಓದಿದ ಅದ್ಭುತ ನರ್ಸ್‌ಗಳ ಜೊತೆ ಕೆಲಸ ಮಾಡಿದೀನಿ. ಆದ್ರೆ ಅಲ್ಲೂ ಅನಾಟಮಿ ಇದೆ, ಅಲ್ಲೂ ಶುಗರ್ ಗಾಯ ಇದೆ, ಮೊದಲಿಂದ ಶುರು ಮಾಡ್ಬೇಕು, ಆಮೇಲೆ ಡಿಗ್ರಿ ಬೇಕು ಅಂದ್ರೆ ಪೋಸ್ಟ್ ಬೇಸಿಕ್ ಬಿಎಸ್ಸಿ ಎರಡು ವರ್ಷ, ಒಟ್ಟು ಐದು. ಯಾವುದಕ್ಕೆ ಹೆದರಿ ಓಡ್ತಿದೀಯೋ ಅದು ಅಲ್ಲೂ ಕಾಯ್ತಿರುತ್ತೆ. ಫೀಸು ಕಟ್ಟೋಕೆ ಆಗದೇ ಇರೋರಿಗೆ ಆ ದಾರಿ ಸರಿ ಇರಬಹುದು, ನಿನ್ನ ಕಾರಣಕ್ಕೆ ಸರಿ ಇಲ್ಲ.

ಲ್ಯಾಬ್ ಟೆಕ್ನಾಲಜಿ ತರದ ಅಲೈಡ್ ಹೆಲ್ತ್ ಕೋರ್ಸ್ ಬಗ್ಗೆ ನೀನು ಕೇಳಿಲ್ಲ, ಆದ್ರೂ ಹೇಳ್ತೀನಿ. ಆರು ತಿಂಗಳು ಮನಸ್ಸಿಟ್ಟು ಪ್ರಯತ್ನ ಮಾಡಿದ ಮೇಲೂ ರೋಗಿ ಹತ್ರ ಹೋಗೋದೇ ಬೇಡ ಅನ್ನಿಸ್ತಾ ಇದ್ರೆ ಅದು ನಿನಗೆ ಹೊಂದಬಹುದು. ಮುಟ್ಟೋದು, ಸ್ನಾನ ಮಾಡ್ಸೋದು, ಬೆಡ್‌ಪ್ಯಾನ್ ಕೊಡೋದು ಇದೆಲ್ಲ ಮನಸ್ಸಿಗೆ ಒಗ್ಗೋದೇ ಇಲ್ಲ ಅನ್ನೋರು ಇರ್ತಾರೆ, ಅವರು ಬಿಡೋದು ಅವಮಾನ ಅಲ್ಲ. ಬಿಡೋದಾದ್ರೆ ಒಂದು ಎಚ್ಚರ, ಕೆಲವು ಕಡೆ ನಾಲ್ಕೂ ವರ್ಷದ ಫೀಸ್ ಕಟ್ಟು ಆಮೇಲೆ ಮಾರ್ಕ್ಸ್ ಕಾರ್ಡ್ ಕೊಡ್ತೀವಿ ಅಂತ ಕೂರ್ತಾರೆ. ಒರಿಜಿನಲ್ ಸರ್ಟಿಫಿಕೇಟ್ ಹಿಡಿದಿಟ್ಕೋಬಾರದು ಅಂತ ಯುಜಿಸಿ 2018ರಲ್ಲೇ ಹೇಳಿದೆ. ಬಾಯಿ ಮಾತಲ್ಲಿ ಕೇಳ್ಬೇಡ, ಬರೆದು ಕೊಟ್ಟು ಸೀಲ್ ಹಾಕಿಸಿದ ಪ್ರತಿ ಇಟ್ಕೋ, ಕೊಡ್ಲಿಲ್ಲ ಅಂದ್ರೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕೆ ದೂರು ಕೊಡು. ಕಟ್ಟಿದ ಫೀಸಿಗೆಲ್ಲ ರಸೀದಿ ಇದೆಯಾ ಅಂತ ಅಪ್ಪನ್ನ ಕೇಳಿ ಈಗ್ಲೇ ಒಂದು ಫೈಲಲ್ಲಿ ಹಾಕಿಡು.

ಈಗ ಏಜೆಂಟ್ ಹೇಳಿದ್ದು. ಇದರ ಬಗ್ಗೆ ನಂಗೆ ಎರಡು ಮಾತಿಲ್ಲ. ಬೇಡ.

ಕಾರಣ ಕೇಳು. ಹಾಜರಿ ಇಲ್ದೆ ಹಾಜರಿ ಇದೆ ಅಂತ ಬರೆಯೋದು ಸುಳ್ಳು ದಾಖಲೆ, ಆ ದಾಖಲೆ ಮೇಲೆ ನಿನ್ನ ಹೆಸರಿರುತ್ತೆ, ಅವರ ಹೆಸರಿರಲ್ಲ. ಡಿಗ್ರಿ ಆದ್ಮೇಲೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗ್ಬೇಕು, ಅದಿಲ್ದೆ ನರ್ಸ್ ಅಂತ ಕೆಲಸ ಮಾಡೋ ಹಾಗಿಲ್ಲ. ಗಲ್ಫ್‌ಗೆ ಹೋಗ್ತೀನಿ ಅಂದ್ರೆ ಅಲ್ಲಿನೋರು ಕಾಲೇಜಿಗೆ ಬರೆದು ಒಂದೊಂದು ಕಾಗದ ಪರಿಶೀಲಿಸ್ತಾರೆ, ಅಲ್ಲಿ ಸಿಕ್ಕಿಬಿದ್ರೆ ಆ ದೇಶಕ್ಕೆ ಮತ್ತೆ ಬಾಗಿಲು ಮುಚ್ಚಿದಂಗೆ. ಕಾಗದದ ಮಾತು ಬಿಡು. ಇನ್ಸುಲಿನ್‌ಗೆ ಅಂತಾನೇ ಬೇರೆ ಸಿರಿಂಜ್ ಇದೆ, ಯೂನಿಟ್ ಲೆಕ್ಕದ್ದು, ನಿಂಗೆ ಇಷ್ಟು ಹೊತ್ತಿಗೆ ತೋರಿಸಿರ್ತಾರೆ. ವಾರ್ಡಿಗೇ ಬರದೆ ಪಾಸಾದ ಒಬ್ಬ ಹುಡುಗ ಮೊದಲನೇ ನೈಟ್ ಡ್ಯೂಟಿಯಲ್ಲಿ ಮಾಮೂಲಿ ಸಿರಿಂಜಲ್ಲಿ ಎಂಎಲ್ ಲೆಕ್ಕದಲ್ಲಿ ಇನ್ಸುಲಿನ್ ಎಳ್ಕೊಂಡು ನಿಂತಿದ್ದ, 10 ಯೂನಿಟ್ ಹೋಗ್ಬೇಕಾಗಿದ್ದ ಕಡೆ 40 ಯೂನಿಟ್ ಇತ್ತು ಸಿರಿಂಜಲ್ಲಿ. ರೌಂಡ್ಸ್‌ಗೆ ಬಂದ ಸೀನಿಯರ್ ನೋಡಿ ಕೈ ಹಿಡಿದ್ರು, ಇಲ್ಲಾಂದ್ರೆ ಆ ಹೆಂಗಸು ಬೆಳಗ್ಗೆ ಏಳ್ತಿರ್ಲಿಲ್ಲ. ಆ ಹುಡುಗ ಕೆಟ್ಟವನಲ್ಲ, ಅವನಿಗೆ ಯಾರೂ ಕಲಿಸಿರ್ಲಿಲ್ಲ, ಯಾಕಂದ್ರೆ ಕಲಿಯೋ ಜಾಗಕ್ಕೆ ಹೋಗೋದು ಬೇಡ ಅಂತ ಅವನ ಹತ್ರ ದುಡ್ಡು ಇಸ್ಕೊಂಡಿದ್ರು. ನಿನ್ನ ಅಪ್ಪ ಆಸ್ಪತ್ರೆ ಬೆಡ್ ಮೇಲೆ ಮಲಗಿದಾಗ ಅಂಥೋರು ಬಂದು ಇಂಜೆಕ್ಷನ್ ಕೊಟ್ರೆ ನೀನು ಒಪ್ತೀಯಾ?

ಅಪ್ಪನ ಸಾಲದ ಬಗ್ಗೆ ನೀನು ಒಂದೇ ಸಾಲು ಬರೆದಿದೀಯ, ಆದ್ರೆ ಪತ್ರ ಪೂರ್ತಿ ಅದರ ಭಾರ ಇದೆ. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ನಿನ್ನ ವರ್ಗಕ್ಕೆ ಬರೋ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದೀಯಾ? ರೈತರ ಮಕ್ಕಳಿಗೆ ಅಂತ 2021ರಲ್ಲಿ ರೈತ ವಿದ್ಯಾನಿಧಿ ಶುರು ಆಯ್ತು, ಅದಕ್ಕೆ ಅಪ್ಪನ ಎಫ್‌ಐಡಿ (ರೈತರ ಗುರುತಿನ) ನಂಬರ್ ಬೇಕು, ಪಹಣಿ ಆಧಾರ್ ತಗೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋದ್ರೆ ಮಾಡಿಕೊಡ್ತಾರೆ, ಈ ವರ್ಷದ ಸ್ಥಿತಿ ಏನು ಅಂತ ಅಲ್ಲೇ ಕೇಳಿ. ಮುಂದಿನ ವರ್ಷಗಳಿಗೆ ಕೈಸಾಲ ಮಾಡೋ ಬದಲು ಬ್ಯಾಂಕಲ್ಲಿ ಎಜುಕೇಷನ್ ಲೋನ್ ಕೇಳಿ, ನಾಲ್ಕು ಲಕ್ಷದ ತನಕ ಜಮೀನು ಅಡ ಇಡೋ ಹಾಗಿಲ್ಲ, ಮ್ಯಾನೇಜರ್ ಇಡಿ ಅಂದ್ರೂ ಒಪ್ಕೋಬೇಡಿ.

ದುಡಿಮೆ ಬಗ್ಗೆ ಇದ್ದಿದ್ದು ಇದ್ದಂಗೆ ಹೇಳ್ತೀನಿ. ಮೈಸೂರಿನ ಪ್ರೈವೇಟ್ ಆಸ್ಪತ್ರೆಗಳಲ್ಲಿ ಹೊಸಬರಿಗೆ ಸಂಬಳ ಕಮ್ಮಿ, ಮೊದಲ ಎರಡು ವರ್ಷ ಕಷ್ಟ. ಆದ್ರೆ ಅಲ್ಲಿಗೇ ನಿಲ್ಲಲ್ಲ. ಏಮ್ಸ್‌ನ ನಾರ್ಸೆಟ್ ಪರೀಕ್ಷೆ ಪಾಸಾದ್ರೆ ನರ್ಸಿಂಗ್ ಆಫೀಸರ್, ಮೂಲ ವೇತನವೇ 44,900. ಹಳ್ಳಿಯಲ್ಲೇ ಇರ್ತೀನಿ ಅಂದ್ರೆ ಸಬ್ ಸೆಂಟರ್‌ಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಕೆಲಸಕ್ಕೆ ಬಿಎಸ್ಸಿ ನರ್ಸಿಂಗ್ ಮಾಡಿದೋರನ್ನ ತಗೋತಾರೆ. ಜರ್ಮನಿ, ಇಂಗ್ಲೆಂಡ್ ಅಂತ ನಿನ್ನ ಸೀನಿಯರ್ಸ್ ಮಾತಾಡ್ತಿರ್ತಾರೆ, ಅವೂ ನಿಜ, ಆದ್ರೆ ಭಾಷೆ ಪರೀಕ್ಷೆ ಇದೆ, ಅದು ಆಮೇಲಿನ ಮಾತು.

ಸದ್ಯಕ್ಕೆ ಈ ವಾರದ ಕೆಲಸ ಮೂರು. ಏಜೆಂಟ್‌ಗೆ ಫೋನ್ ಮಾಡಿ ಬೇಡ ಅನ್ನು, ಅಪ್ಪನ ಕೈಲೇ ಹೇಳಿಸಿದ್ರೆ ಇನ್ನೂ ಒಳ್ಳೇದು. ಟ್ಯೂಟರ್ ಹತ್ರ ಹೋಗಿ ಬಿದ್ದಿದ್ದನ್ನ ಮಾತಾಡು. ಹಿಮೋಗ್ಲೋಬಿನ್ ಟೆಸ್ಟ್ ಮಾಡಿಸು. ಆ ಡ್ರೆಸ್ಸಿಂಗ್ ತಾತ ಇನ್ನೂ ವಾರ್ಡಲ್ಲೇ ಇದ್ರೆ, ಶುಗರ್ ಗಾಯ ವಾಸಿ ಆಗೋಕೆ ವಾರಗಟ್ಲೆ ಬೇಕು, ಇರ್ತಾರೆ, ಡ್ರೆಸ್ಸಿಂಗ್ ಇಲ್ಲದ ಹೊತ್ತಲ್ಲಿ ಹೋಗಿ ಯಾವೂರು ತಾತ ಅಂತ ಮಾತಾಡ್ಸಿ ಬಾ. ರಿಪೋರ್ಟ್ ಬಂದ ಮೇಲೆ ಹಿಮೋಗ್ಲೋಬಿನ್ ಎಷ್ಟು ಅಂತ ನಂಗೆ ಬರೆ.